ಹಳೇ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್: ದುಡ್ಡು ಕೊಡುವ ಮೊದಲು ಲೇಬಲ್ ಓದೋಣ



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. “ಸರ್, ಗ್ರಾಫಿಕ್ಸ್ ಕಾರ್ಡಿಗೆ ಎಷ್ಟಾಗ್ತದೆ?” ಎಂದು ಕೇಳಿದಳು. ಲಿಟಲ್ ಕೈಟ್ಸ್ ಕ್ಲಬ್ಬಿನಲ್ಲಿ ಅವಳು ಬ್ಲೆಂಡರ್ ಕಲಿತಿದ್ದಳು. ನಮ್ಮ ಕಾಸರಗೋಡಿನ ಸುರಂಗದಲ್ಲಿ ನೀರು ಹೇಗೆ ಒಸರಿ ಬರುತ್ತದೆ ಎಂದು ತೋರಿಸುವ ಒಂದು ಸಣ್ಣ ಅನಿಮೇಶನ್ ಮಾಡುವ ಆಸೆ. ಆದರೆ ಮನೆಯ ಕಂಪ್ಯೂಟರಿನಲ್ಲಿ ಬ್ಲೆಂಡರ್ ತೆರೆಯುವುದೇ ಇಲ್ಲ. “ಓಪನ್‌ಜಿಎಲ್ 3.3 ಬೇಕು” ಎಂಬ ಅರ್ಥದ ಒಂದು ಸಂದೇಶ ಬಂದು ಮುಚ್ಚಿಹೋಗುತ್ತದೆ.

“ಅಮ್ಮ ಬೀಡಿ ಕಟ್ಟಿ ಉಳಿಸಿದ್ದು 3,500 ರೂಪಾಯಿ ಉಂಟು ಸರ್. ಅಷ್ಟರಲ್ಲಿ ಆಗ್ಬೇಕು. ಇನ್ನೊಮ್ಮೆ ಕೇಳ್ಲಿಕ್ಕೆ ಆಗುದಿಲ್ಲ.”

ಈ ಮಾತು ಕೇಳಿದ ಮೇಲೆ “ಯಾವುದಾದರೂ ಒಂದು ತಗೋ” ಎಂದು ಹೇಳುವ ಹಾಗಿರಲಿಲ್ಲ. ತಪ್ಪು ಕಾರ್ಡ್ ತಂದರೆ ಆ ಹಣ ಹೋಯಿತು. ಆ ದಿನ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಆ ಲೆಕ್ಕವೇ ಈ ಪಾಠ. ಇದಕ್ಕೆ ಬೇಕಾದ್ದು ಗುಣಾಕಾರ, ಭಾಗಾಕಾರ ಮತ್ತು ನಿಮ್ಮ ಭೌತಶಾಸ್ತ್ರ ಪುಸ್ತಕದ ಒಂದೇ ಒಂದು ಸೂತ್ರ.

ಗ್ರಾಫಿಕ್ಸ್ ಕಾರ್ಡ್ ಎಂತ ಮಾಡ್ತದೆ?

ನಿಮ್ಮ ಮಾನಿಟರ್ 1920 × 1080 ಚುಕ್ಕೆಗಳದ್ದು ಎಂದಿಟ್ಟುಕೊಳ್ಳಿ. ಗುಣಿಸಿ ನೋಡಿ: 20,73,600 ಚುಕ್ಕೆಗಳು. ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 12 ಕೋಟಿ 44 ಲಕ್ಷ ಚುಕ್ಕೆಗಳ ಬಣ್ಣ ನಿರ್ಧಾರವಾಗಬೇಕು. ಒಂದೊಂದು ಚುಕ್ಕೆಯ ಲೆಕ್ಕ ಸಣ್ಣದು, ಆದರೆ ಸಂಖ್ಯೆ ಬಹಳ ದೊಡ್ಡದು.

ಅಡಕೆ ಸುಲಿಯುವುದನ್ನು ನೀವೆಲ್ಲ ನೋಡಿದ್ದೀರಿ. ಪ್ರೊಸೆಸರ್ ಅಂದರೆ ಎಲ್ಲ ಕೆಲಸ ಬಲ್ಲ ಇಬ್ಬರು ಅಥವಾ ನಾಲ್ವರು ಚುರುಕಾದ ಆಳುಗಳು. ಗ್ರಾಫಿಕ್ಸ್ ಚಿಪ್ಪು ಅಂದರೆ ಸುಲಿಯುವುದೊಂದನ್ನೇ ಮಾಡುವ ನೂರಾರು ಮಂದಿ, ಎಲ್ಲರೂ ಒಟ್ಟಿಗೆ ಮೆಟ್ಟುಕತ್ತಿ ಹಿಡಿದು ಕುಳಿತವರು. ಅವರಿಗೆ ಅಡಕೆಯನ್ನು ಅಂಗಳದಿಂದ ತಂದು ಸುರಿಯುವ ದಾರಿಯೇ ಕಾರ್ಡಿನ ಮೆಮೊರಿ. ಸುಲಿಯುವವರು ಎಷ್ಟೇ ಮಂದಿ ಇರಲಿ, ತಂದು ಸುರಿಯುವವ ಒಬ್ಬನೇ ಆದರೆ ಉಳಿದವರೆಲ್ಲ ಸುಮ್ಮನೆ ಕೂರಬೇಕು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗ್ತದೆ.

ಅವಳ ಮನೆಯ ಕಂಪ್ಯೂಟರ್ 2011ರ ಕಾಲದ್ದು. ಇಂಟೆಲ್ ಕೋರ್ ಐ3, ಎರಡನೇ ತಲೆಮಾರಿನದ್ದು. 4 ಜಿಬಿ ರ‍್ಯಾಮ್, ಒಂದೇ ಕಡ್ಡಿ. ಬೇರೆ ಕಾರ್ಡ್ ಇಲ್ಲ. ಪ್ರೊಸೆಸರಿನ ಒಳಗೇ ಇರುವ ಸಣ್ಣ ಗ್ರಾಫಿಕ್ಸ್ ಭಾಗವೇ ಚಿತ್ರ ಬಿಡಿಸುತ್ತದೆ. ಮಾನಿಟರಿಗೆ ನೀಲಿ ಬಣ್ಣದ ಹಳೇ ವಿಜಿಎ ಕೇಬಲ್.

ಮೊದಲು ಖರ್ಚಿಲ್ಲದ ದಾರಿ

ವೈದ್ಯರು ಪರೀಕ್ಷೆ ಮಾಡದೆ ಮದ್ದು ಕೊಡುವುದಿಲ್ಲ. ಹಾಗೆಯೇ ತೊಂದರೆ ಎಲ್ಲಿ ಎಂದು ಮೊದಲು ನೋಡಬೇಕು.

ಓಪನ್‌ಜಿಎಲ್ ಅಂದರೆ ಸಾಫ್ಟ್‌ವೇರ್ ಮತ್ತು ಗ್ರಾಫಿಕ್ಸ್ ಚಿಪ್ಪು ಮಾತಾಡಿಕೊಳ್ಳುವ ಒಂದು ಭಾಷೆ. ಅದಕ್ಕೆ ಆವೃತ್ತಿಗಳಿವೆ. 2019ರಲ್ಲಿ ಬಂದ ಬ್ಲೆಂಡರ್ 2.80ಕ್ಕೆ ಕನಿಷ್ಠ 3.3 ಬೇಕು. 2023ರ ಬ್ಲೆಂಡರ್ 4.0ಕ್ಕೆ 4.3 ಬೇಕು. ಅವಳ ಚಿಪ್ಪು ವಿಂಡೋಸ್‌ನಲ್ಲಿ 3.1ರಷ್ಟನ್ನು ಮಾತ್ರ ಬಲ್ಲದು. ಹಾಗಾಗಿ ಬಾಗಿಲು ಮುಚ್ಚಿತು.

ಆದರೆ ಸ್ವಾರಸ್ಯ ನೋಡಿ: ಅದೇ ಚಿಪ್ಪಿಗೆ ಲಿನಕ್ಸ್‌ನ ಡ್ರೈವರ್ 3.3ರ ತನಕ ಕಲಿಸಿದೆ! ಡ್ರೈವರ್ ಅಂದರೆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್. ಚಿಪ್ಪು ಬದಲಾಗದೆ ಡ್ರೈವರ್ ಬದಲಾದರೆ ಕೂಡ ಶಕ್ತಿ ಬದಲಾಗಬಹುದು. ನಾವು ಅವಳ ಕಂಪ್ಯೂಟರಿನ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ತೆಗೆದಿಟ್ಟು, ವಿಂಡೋಸ್ ಪಕ್ಕದಲ್ಲಿ ಉಬುಂಟು ಹಾಕಿದೆವು. ಹಳೇ ಆವೃತ್ತಿಯ ಬ್ಲೆಂಡರ್ ತೆರೆಯಿತು. ಖರ್ಚು ಸೊನ್ನೆ.

ತೆರೆಯಿತು, ಆದರೆ ಎಳೆದಾಡಿತು. ಆಗ ರ‍್ಯಾಮ್ ಕಡೆ ನೋಡಿದೆವು.

ಸ್ವಂತ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿಯೂ ಇಲ್ಲ. ಅದು ರ‍್ಯಾಮ್‌ನಿಂದಲೇ ಸಾಲ ಪಡೆಯುತ್ತದೆ. ಡಿಡಿಆರ್3-1333 ಎಂಬ ರ‍್ಯಾಮ್ ಸೆಕೆಂಡಿಗೆ 1333 ದಶಲಕ್ಷ ಸಲ, ಪ್ರತಿ ಸಲ 8 ಬೈಟ್ ಸಾಗಿಸುತ್ತದೆ. 1333 × 8 = 10,664. ಅಂದರೆ ಸೆಕೆಂಡಿಗೆ ಸುಮಾರು 10.6 ಜಿಬಿ. ಎರಡು ಚಾನೆಲ್‌ಗಳಲ್ಲಿ ಒಂದೊಂದು ಕಡ್ಡಿ ಹಾಕಿದರೆ ಎರಡು ದಾರಿ ತೆರೆದಂತೆ: ಸುಮಾರು 21.3 ಜಿಬಿ. 4 ಜಿಬಿಯ ಇನ್ನೊಂದು ಸೆಕೆಂಡ್‌ಹ್ಯಾಂಡ್ ಕಡ್ಡಿ ಹಾಕಿದಾಗ ಮೆಮೊರಿಯೂ ಇಮ್ಮಡಿ, ದಾರಿಯೂ ಇಮ್ಮಡಿ. ಹಳೇ ಕಂಪ್ಯೂಟರಿಗೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಕೆಲಸ ಇದೇ. ಬರೆಯುವುದು, ಇಂಟರ್ನೆಟ್, ಸಾಧಾರಣ ಚಿತ್ರ ಬಿಡಿಸುವುದು ಇಷ್ಟೇ ನಿಮಗೆ ಬೇಕಾದ್ದಾದರೆ ಇಲ್ಲಿಗೇ ನಿಲ್ಲಿಸಿ. ಕಾರ್ಡೇ ಬೇಡ.

ಅವಳಿಗೆ ಮಾತ್ರ ಅಷ್ಟು ಸಾಕಾಗಲಿಲ್ಲ. 10 ಸೆಕೆಂಡಿನ ಅನಿಮೇಶನ್‌ಗೆ, ಸೆಕೆಂಡಿಗೆ 24 ಚಿತ್ರದಂತೆ, 240 ಚಿತ್ರ ಬೇಕು. ಒಂದು ಚಿತ್ರ ತಯಾರಾಗಲು 6 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಂಡರೆ 1440 ನಿಮಿಷ, ಅಂದರೆ ಸರಿಯಾಗಿ ಒಂದು ಹಗಲು ಒಂದು ರಾತ್ರಿ. ಮಳೆಗಾಲದಲ್ಲಿ 24 ಗಂಟೆ ಕರೆಂಟ್ ಹೋಗದೆ ಇರುವುದುಂಟಾ? ಇಲ್ಲಿ ಕಾರ್ಡ್ ನಿಜವಾಗಿಯೂ ಬೇಕು.

ಒಂದನೇ ಲೇಬಲ್: ಸ್ಲಾಟ್

ಕ್ಯಾಬಿನೆಟ್ ತೆರೆದರೆ ಮದರ್‌ಬೋರ್ಡಿನಲ್ಲಿ ಉದ್ದದ ಒಂದು ಸ್ಲಾಟ್ ಕಾಣುತ್ತದೆ. ಅದು ಪಿಸಿಐ ಎಕ್ಸ್‌ಪ್ರೆಸ್ 16 ಲೇನ್ ಸ್ಲಾಟ್. ಲೇನ್ ಅಂದರೆ ರಸ್ತೆಯ ಸಾಲು ಇದ್ದ ಹಾಗೆ. ಇನ್ನೂ ಹಳೆಯ ಬೋರ್ಡುಗಳಲ್ಲಿ ಎಜಿಪಿ ಎಂಬ ಬೇರೆ ಸ್ಲಾಟ್ ಇರುತ್ತಿತ್ತು. ಅದಕ್ಕೆ ಈಗಿನ ಯಾವ ಕಾರ್ಡೂ ಕೂರುವುದಿಲ್ಲ. ಅಂಥದ್ದಿದ್ದರೆ ದುಡ್ಡು ಹಾಕಬೇಡಿ.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಹೊಸ ಕಾರ್ಡ್ ಹಳೇ ಸ್ಲಾಟಿನಲ್ಲಿ ಕೂರುತ್ತದೆ, ಆದರೆ ಹಳೇ ಸ್ಲಾಟಿನ ವೇಗದಲ್ಲೇ ಓಡುತ್ತದೆ. 2.0 ಆವೃತ್ತಿಯಲ್ಲಿ ಒಂದು ಲೇನಿಗೆ ಸೆಕೆಂಡಿಗೆ 500 ಎಂಬಿ. 3.0ರಲ್ಲಿ ಅದರ ಸುಮಾರು ಎರಡು ಪಾಲು, 4.0ರಲ್ಲಿ ನಾಲ್ಕು ಪಾಲು. ಅವಳ ಬೋರ್ಡ್ 2.0.

ಇದು ಯಾಕೆ ಮುಖ್ಯ? ಕೆಲವು ಹೊಸ ಅಗ್ಗದ ಕಾರ್ಡುಗಳು 16 ಲೇನ್ ಸ್ಲಾಟಿನಲ್ಲಿ ಕೂತರೂ 4 ಲೇನ್ ಮಾತ್ರ ಬಳಸುತ್ತವೆ. 2022ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6400 ಅಂಥದ್ದು. 4.0 ಸ್ಲಾಟಿನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿ ಸಿಗುತ್ತದೆ. ನಮ್ಮ 2.0 ಬೋರ್ಡಿನಲ್ಲಿ 4 × 500, ಅಂದರೆ 2 ಜಿಬಿ ಮಾತ್ರ. ಕಾಲು ಭಾಗ! ಹೊಸತು ಎಂದ ಕೂಡಲೇ ನಮ್ಮ ಕಂಪ್ಯೂಟರಿಗೆ ಒಳ್ಳೆಯದು ಎಂದಲ್ಲ.

ಎರಡನೇ ಲೇಬಲ್: ಎಸ್‌ಎಂಪಿಎಸ್

ಕ್ಯಾಬಿನೆಟ್ಟಿನ ಹಿಂದೆ ಕರೆಂಟ್ ವಯರ್ ಸಿಕ್ಕಿಸುವ ಪೆಟ್ಟಿಗೆಯೇ ಎಸ್‌ಎಂಪಿಎಸ್. ಅವಳದ್ದರ ಮೇಲೆ ದಪ್ಪಕ್ಷರದಲ್ಲಿ “450 ವ್ಯಾಟ್” ಎಂದು ಬರೆದಿತ್ತು. ಅದನ್ನು ನೋಡಿ ಖುಷಿಪಡಬೇಡಿ. ಆ ಸಂಖ್ಯೆ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಲ್ಲವನ್ನೂ ಕೂಡಿಸಿದ್ದು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಮುಖ್ಯವಾಗಿ ತಿನ್ನುವುದು 12 ವೋಲ್ಟಿನದ್ದನ್ನು. ಲೇಬಲಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ 16 ಆಂಪಿಯರ್ ಎಂದಿತ್ತು.

ಈಗ ನಿಮ್ಮ ಸೂತ್ರ ತೆಗೆಯಿರಿ: ಪವರ್ = ವೋಲ್ಟೇಜ್ × ಕರೆಂಟ್.

12 × 16 = 192 ವ್ಯಾಟ್.

450 ಎಲ್ಲಿ, 192 ಎಲ್ಲಿ! ಹಳೇ ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ಗಳು ವರ್ಷ ಕಳೆದಂತೆ ಬಲ ಕಳೆದುಕೊಳ್ಳುತ್ತವೆ. ಹಾಗಾಗಿ ನೂರಕ್ಕೆ 80ರಷ್ಟನ್ನು ಮಾತ್ರ ನಂಬುವುದು ಒಳ್ಳೆಯದು: 192ರ 80 ಶೇಕಡಾ ಅಂದರೆ ಸುಮಾರು 154 ವ್ಯಾಟ್. ಪ್ರೊಸೆಸರಿಗೆ 65 ವ್ಯಾಟ್. ಬೋರ್ಡ್, ಹಾರ್ಡ್ ಡಿಸ್ಕ್, ಫ್ಯಾನ್ ಎಲ್ಲ ಸೇರಿ ಅಂದಾಜು 40. ಒಟ್ಟು 105. ಕಾರ್ಡಿಗೆ ಉಳಿಯುವುದು 49 ವ್ಯಾಟ್.

ಈ 49ನ್ನು ಹಿಡಿದುಕೊಂಡು ಕಾರ್ಡುಗಳ ಪಟ್ಟಿ ನೋಡೋಣ.

ಜಿಟಿ 710: 19 ವ್ಯಾಟ್
ಜಿಟಿ 1030 (ಜಿಡಿಡಿಆರ್5): 30 ವ್ಯಾಟ್
ರೇಡಿಯಾನ್ ಆರ್‌ಎಕ್ಸ್ 550: 50 ವ್ಯಾಟ್
ಜಿಟಿಎಕ್ಸ್ 750 ಟಿಐ: 60 ವ್ಯಾಟ್
ಜಿಟಿಎಕ್ಸ್ 1050 ಟಿಐ: 75 ವ್ಯಾಟ್
ಜಿಟಿಎಕ್ಸ್ 1650: 75 ವ್ಯಾಟ್

ಎಷ್ಟು ಸಲೀಸಾಗಿ ಪಟ್ಟಿ ಗಿಡ್ಡವಾಯಿತು ನೋಡಿ. ಮೊದಲ ಎರಡು ಆರಾಮ. ಮೂರನೆಯದು ಗಡಿಯಲ್ಲಿದೆ. ಉಳಿದವು ಒಳ್ಳೇ ಕಾರ್ಡುಗಳೇ, ಆದರೆ ಎಸ್‌ಎಂಪಿಎಸ್ ಕೂಡ ಬದಲಿಸಬೇಕು. ಅದಕ್ಕೆ ಬಜೆಟ್ ಇಲ್ಲ.

ಇನ್ನೊಂದು ವಿಷಯ: ಈ ಸ್ಲಾಟ್ ಒಂದು ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆಯೇ ವಯರ್ ಬೇಕು. 6 ಪಿನ್ನಿನ ವಯರ್ 75 ವ್ಯಾಟ್, 8 ಪಿನ್ನಿನದ್ದು 150 ವ್ಯಾಟ್ ಕೊಡುವಂಥದ್ದು. ಹಳೇ ಎಸ್‌ಎಂಪಿಎಸ್‌ನಲ್ಲಿ ಹೆಚ್ಚಾಗಿ ಅವು ಇರುವುದಿಲ್ಲ. ಅಡಾಪ್ಟರ್ ಸಿಕ್ಕಿಸಿ ಹೇಗಾದರೂ ಓಡಿಸುವ ಎಂದು ಹೊರಡಬೇಡಿ. ಸಪೂರ ವಯರಿನಲ್ಲಿ ಹೆಚ್ಚು ಕರೆಂಟ್ ಹರಿದರೆ ಬಿಸಿಯಾಗುತ್ತದೆ. ಜೂಲ್ ನಿಯಮ ನಿಮಗೆ ಗೊತ್ತುಂಟಲ್ಲ: ಕರೆಂಟ್ ಎರಡು ಪಾಲಾದರೆ ಬಿಸಿ ನಾಲ್ಕು ಪಾಲು.

ಮೂರನೇ ಲೇಬಲ್: ಮೆಮೊರಿಯ ಜಾತಿ

ಅಂಗಡಿಯಲ್ಲಿ ಕೇಳಿದರೆ “2 ಜಿಬಿ ಕಾರ್ಡ್, 4 ಜಿಬಿ ಕಾರ್ಡ್” ಎಂದು ಹೇಳ್ತಾರೆ. ಜಿಬಿ ಅಂದರೆ ಅಂಗಳದ ಅಗಲ ಮಾತ್ರ. ಅಡಕೆ ತಂದು ಸುರಿಯುವ ವೇಗವನ್ನು ಅದು ಹೇಳುವುದಿಲ್ಲ.

ಜಿಟಿ 1030 ಇದಕ್ಕೆ ಒಳ್ಳೇ ಉದಾಹರಣೆ. 2017ರಲ್ಲಿ ಅದು ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಬಂತು. ಎರಡರಲ್ಲೂ 384 ಕೋರ್‌ಗಳು, ಎರಡರಲ್ಲೂ 2 ಜಿಬಿ, ಎರಡರಲ್ಲೂ 64 ಬಿಟ್ಟಿನ ದಾರಿ. 64 ಬಿಟ್ ಅಂದರೆ 8 ಬೈಟ್.

ಜಿಡಿಡಿಆರ್5: ಸೆಕೆಂಡಿಗೆ 600 ಕೋಟಿ ಸಲ × 8 ಬೈಟ್ = 48 ಜಿಬಿ
ಡಿಡಿಆರ್4: ಸೆಕೆಂಡಿಗೆ 210 ಕೋಟಿ ಸಲ × 8 ಬೈಟ್ = 16.8 ಜಿಬಿ

ಸುಲಿಯುವವರು ಎರಡು ಕಡೆಯೂ 384 ಮಂದಿ. ಒಂದು ಕಡೆ 48 ಬುಟ್ಟಿ ಬರ್ತದೆ, ಇನ್ನೊಂದು ಕಡೆ 17 ಬುಟ್ಟಿಯೂ ಇಲ್ಲ. ಹೆಸರು ಒಂದೇ, ಡಬ್ಬಿಯ ಚಿತ್ರವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಸಣ್ಣ ಅಕ್ಷರದ ಒಂದು ಸಾಲಿನಲ್ಲಿ. ನಮ್ಮ ಎರಡು ಕಡ್ಡಿ ರ‍್ಯಾಮ್‌ನ 21.3 ಜಿಬಿಗಿಂತಲೂ ಆ ಡಿಡಿಆರ್4 ಕಾರ್ಡಿನ ದಾರಿ ಸಣ್ಣದು!

ಜಿಟಿ 710ರ ಕತೆ ಬೇರೆ. ಹೊಸ ಡಬ್ಬಿಯಲ್ಲಿ ಅಗ್ಗಕ್ಕೆ ಸಿಕ್ಕಿದರೂ ಒಳಗಿನ ಚಿಪ್ಪು ಕೆಪ್ಲರ್ ಎಂಬ ಹಳೇ ತಲೆಮಾರಿನದ್ದು. ಎನ್‌ವಿಡಿಯಾ ಆ ತಲೆಮಾರಿಗೆ ಕೊಟ್ಟ ಕೊನೆಯ ಡ್ರೈವರ್ 470ನೇ ಸರಣಿಯದ್ದು. ಮಾನಿಟರಿಗೆ ಚಿತ್ರ ತೋರಿಸಲು ಸಾಕು, ಬ್ಲೆಂಡರ್‌ಗೆ ಬೇಡ.

ನಾಲ್ಕನೇ ಲೇಬಲ್: ಕಿಂಡಿ ಮತ್ತು ಎತ್ತರ

ಜಿಟಿ 1030 ತಲೆಮಾರಿನಿಂದ ಎನ್‌ವಿಡಿಯಾ ಚಿಪ್ಪುಗಳು ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ ಕೊಡುವುದನ್ನೇ ಬಿಟ್ಟಿವೆ. ಅವಳ ಮಾನಿಟರ್ ವಿಜಿಎಯದ್ದು. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕು. ಒಳಗೆ ಚಿಪ್ಪು ಇರುವಂಥದ್ದೇ ಆಗಬೇಕು, ಬರೀ ವಯರ್ ಜೋಡಿಸಿದ್ದು ಕೆಲಸ ಮಾಡುವುದಿಲ್ಲ. ಇದರ ಖರ್ಚನ್ನೂ ಮೊದಲೇ ಬಜೆಟ್ಟಿನಲ್ಲಿ ಬರೆದುಕೊಳ್ಳಿ. ಕಾರ್ಡ್ ತಂದು ಹಾಕಿದ ಮೇಲೆ “ಅಯ್ಯೋ, ಕೇಬಲ್ ಸಿಕ್ಕಿಸ್ಲಿಕ್ಕೆ ಜಾಗವೇ ಇಲ್ಲ” ಎಂದು ತಲೆ ಮೇಲೆ ಕೈಹೊತ್ತವರನ್ನು ನಾನು ನೋಡಿದ್ದೇನೆ.

ಕ್ಯಾಬಿನೆಟ್ ಸಪೂರದ್ದಾದರೆ ಸ್ಕೇಲ್ ಹಿಡಿದು ಅಳೆಯಿರಿ. ಸಾಮಾನ್ಯ ಕಾರ್ಡಿನ ಕಬ್ಬಿಣದ ಪಟ್ಟಿ ಸುಮಾರು 12 ಸೆಂಟಿಮೀಟರ್ ಎತ್ತರ, ಗಿಡ್ಡ ಕಾರ್ಡಿನದ್ದು ಸುಮಾರು 8. ಕೆಲವು ಹಳೇ ಬೋರ್ಡುಗಳು ಹೊಸ ಕಾರ್ಡನ್ನು ಗುರುತಿಸುವುದೂ ಇಲ್ಲ. ಆಗದಿದ್ದರೆ ಹಿಂದೆ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರಲ್ಲಿ ಮೊದಲೇ ಕೇಳಿ.

ನಾನು ಮೋಸ ಹೋದದ್ದು

ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವುದು ತಪ್ಪಲ್ಲ. ಕುರುಡಾಗಿ ತೆಗೆದುಕೊಳ್ಳುವುದು ತಪ್ಪು. ಕೆಲವು ವರ್ಷ ಹಿಂದೆ ನಾನೇ ಆನ್‌ಲೈನಿನಲ್ಲಿ “ಜಿಟಿಎಕ್ಸ್ 1050 ಟಿಐ, 4 ಜಿಬಿ” ಎಂಬುದನ್ನು ಬಹಳ ಅಗ್ಗಕ್ಕೆ ತರಿಸಿದೆ. ಕಂಪ್ಯೂಟರ್ ಕೂಡ ಅದನ್ನು 1050 ಟಿಐ ಎಂದೇ ತೋರಿಸಿತು. ಆದರೆ ಸ್ವಲ್ಪ ಭಾರದ ಕೆಲಸ ಕೊಟ್ಟ ಕೂಡಲೇ ಪರದೆ ಕಪ್ಪು.

ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಕಣ್ಣಿಗೆ ಬಿದ್ದದ್ದು ಕಾರ್ಡಿನ ಹಿಂದಿನ ನೀಲಿ ಕಿಂಡಿ. ವಿಜಿಎ! 1050 ಟಿಐ ಕೂಡ ಜಿಟಿ 1030ರ ತಲೆಮಾರಿನದ್ದೇ. ಅದರ ಚಿಪ್ಪು ತಾನಾಗಿ ವಿಜಿಎ ಸಿಗ್ನಲ್ ಕೊಡುವುದಿಲ್ಲ. ಇಂಥ ನಕಲಿಗಳಲ್ಲಿ 2011ರ ಜಿಟಿಎಕ್ಸ್ 550 ಟಿಐಯಂಥ ಹಳೇ ಚಿಪ್ಪಿಗೆ ಸುಳ್ಳು ಹೆಸರು ಬರೆದಿರುತ್ತಾರೆ. ಹೆಸರು ಬರೆದದ್ದು ಸಾಫ್ಟ್‌ವೇರಿನಲ್ಲಿ, ಅದನ್ನು ಬದಲಿಸಬಹುದು. ಕಿಂಡಿಯನ್ನು ಬದಲಿಸುವುದು ಅಷ್ಟು ಸುಲಭವಲ್ಲ. ವಿಜ್ಞಾನದಲ್ಲಿ ನಾವು ಹೇಳುವುದೂ ಇದನ್ನೇ ಅಲ್ಲವೇ? ಹೇಳಿಕೆಯನ್ನಲ್ಲ, ಸಾಕ್ಷಿಯನ್ನು ನೋಡಬೇಕು.

ವಿಂಡೋಸ್‌ನಲ್ಲಿ ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ 2018ರಿಂದ ಇಂಥ ನಕಲಿಗಳನ್ನು ಗುರುತಿಸಿ ಹೇಳುತ್ತದೆ. ಕಾರ್ಡ್ ಕೊಡುವವರ ಎದುರೇ ಅದನ್ನು ಓಡಿಸಿ ನೋಡಿ. ಅರ್ಧ ಗಂಟೆ ಭಾರದ ಕೆಲಸ ಕೊಟ್ಟು, ಪರದೆಯಲ್ಲಿ ಗೆರೆ, ಚುಕ್ಕೆ ಬರುತ್ತದೋ ಗಮನಿಸಿ. ಫ್ಯಾನ್ ಇರುವ ಕಾರ್ಡಾದರೆ ಅದು ಕರಕರ ಎನ್ನದೆ ತಿರುಗಬೇಕು.

ಕೂರಿಸುವಾಗ

ಶಾಲೆಯ ಕಂಪ್ಯೂಟರನ್ನು ನೀವಾಗಿ ತೆರೆಯಬೇಡಿ, ಅದಕ್ಕೆ ಗ್ಯಾರಂಟಿ ಇರುತ್ತದೆ. ಮನೆಯದ್ದಾದರೆ ದೊಡ್ಡವರೊಬ್ಬರು ಜೊತೆಗಿರಲಿ.

1. ಪ್ಲಗ್ ತೆಗೆಯಿರಿ. ಆಮೇಲೆ ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ.
2. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣದ ಭಾಗವನ್ನು ಮುಟ್ಟಿ. ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಇಳಿದುಹೋಗಲಿ.
3. ಕಾರ್ಡನ್ನು ಅಂಚು ಹಿಡಿದು ಎತ್ತಿ, ಹೊನ್ನಿನ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ.
4. ಸ್ಲಾಟಿನಲ್ಲಿ ನೇರವಾಗಿ ಒತ್ತಿ, ಕೊಂಡಿ ಟಕ್ ಎನ್ನುವ ತನಕ. ಸ್ಕ್ರೂ ಹಾಕಿ.
5. ಮಾನಿಟರ್ ಕೇಬಲನ್ನು ಬೋರ್ಡಿನಿಂದ ತೆಗೆದು ಕಾರ್ಡಿಗೆ ಸಿಕ್ಕಿಸಿ. ಇದನ್ನು ಮರೆತು “ಕಾರ್ಡ್ ಹಾಳು” ಎನ್ನುವವರು ಬಹಳ ಮಂದಿ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯದಷ್ಟು ವೋಲ್ಟೇಜ್ ಉಳಿದಿರಬಹುದು. ಸಿಡಿಲಿನ ದಿನಗಳಲ್ಲಿ ಪ್ಲಗ್ ತೆಗೆದಿಡುವ ಅಭ್ಯಾಸವೂ ಇರಲಿ.

ಕೊನೆಗೆ ಎಂತ ಆಯ್ತು?

ರ‍್ಯಾಮ್ ಹಾಕಿ ಉಳಿದ ಹಣದಲ್ಲಿ ಅವಳು ಮತ್ತು ಅವಳ ಅಪ್ಪ ಸೆಕೆಂಡ್‌ಹ್ಯಾಂಡ್ ಜಿಟಿ 1030 ಹುಡುಕಿದರು. ಮೊದಲ ಅಂಗಡಿಯಲ್ಲಿ ಸಿಕ್ಕಿದ್ದು ಡಿಡಿಆರ್4. “ಎರಡೂ ಒಂದೇ ಮಗಾ” ಎಂದರಂತೆ. “ಅಲ್ಲ, 48 ಮತ್ತು 16.8” ಎಂದು ಇವಳು ಹೇಳಿ ಹೊರಟುಬಂದಳು. ಎರಡು ವಾರ ಕಾದ ಮೇಲೆ ಜಿಡಿಡಿಆರ್5 ಸಿಕ್ಕಿತು. ಓಡಿಸಿ ನೋಡಿಯೇ ತಂದರು. ಕನ್ವರ್ಟರಿಗೂ ಸೇರಿ ಹಣ ಸರಿಯಾಯಿತು, ಬಸ್ಸಿನ ಟಿಕೇಟು ಅಪ್ಪನ ಕಿಸೆಯಿಂದ. ಈಗ ಬ್ಲೆಂಡರ್ 4 ತೆರೆಯುತ್ತದೆ. ಸುರಂಗದ ನೀರು ಇನ್ನೂ ಪೂರ್ತಿ ಹರಿದಿಲ್ಲ, ಕೆಲಸ ನಡೀತಾ ಉಂಟು. ದೊಡ್ಡ ಆಟಗಳು ಆ ಕಾರ್ಡಿನಲ್ಲಿ ಓಡುವುದಿಲ್ಲ. ಅದು ಅವಳಿಗೂ ಗೊತ್ತು, ಅದಕ್ಕೆ ಬೇಜಾರೂ ಇಲ್ಲ.

ಮಾಡಿ ನೋಡಿ

1. ಒಂದು ಎಸ್‌ಎಂಪಿಎಸ್ ಲೇಬಲಿನಲ್ಲಿ 12 ವೋಲ್ಟಿಗೆ 18 ಆಂಪಿಯರ್ ಎಂದಿದೆ. 80 ಶೇಕಡಾ ಮಾತ್ರ ನಂಬಿ, ಉಳಿದ ಭಾಗಗಳಿಗೆ 105 ವ್ಯಾಟ್ ಬಿಟ್ಟರೆ, ಮೇಲಿನ ಪಟ್ಟಿಯ ಯಾವ ಯಾವ ಕಾರ್ಡ್ ಹಾಕಬಹುದು?
2. ಡಿಡಿಆರ್3-1600 ರ‍್ಯಾಮ್ ಒಂದು ಕಡ್ಡಿಯಲ್ಲಿ, ಎರಡು ಕಡ್ಡಿಯಲ್ಲಿ ಸೆಕೆಂಡಿಗೆ ಎಷ್ಟು ಜಿಬಿ ಸಾಗಿಸಬಲ್ಲದು?
3. ಕಾರ್ಡಿಲ್ಲದ ಕಂಪ್ಯೂಟರ್ 120 ವ್ಯಾಟಿನಲ್ಲಿ 24 ಗಂಟೆ ಓಡಿ ಮುಗಿಸುವ ಕೆಲಸವನ್ನು ಕಾರ್ಡ್ ಇರುವ ಕಂಪ್ಯೂಟರ್ 150 ವ್ಯಾಟಿನಲ್ಲಿ 8 ಗಂಟೆಯಲ್ಲಿ ಮುಗಿಸಿತು ಎಂದಿಟ್ಟುಕೊಳ್ಳಿ. ಯಾವುದಕ್ಕೆ ಎಷ್ಟು ಯೂನಿಟ್ ಕರೆಂಟ್ ಖರ್ಚಾಯಿತು?
4. ನಿಮ್ಮ ಐಟಿ ಟೀಚರ ಒಪ್ಪಿಗೆ ಪಡೆದು, ಲ್ಯಾಬಿನ ಒಂದು ಉಬುಂಟು ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಎಲ್, ಎಸ್, ಪಿ, ಸಿ, ಐ ಎಂಬ ಐದು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒಟ್ಟಿಗೆ ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ಗ್ರಾಫಿಕ್ಸ್ ಚಿಪ್ಪಿನ ಸಾಲನ್ನು ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಉತ್ತರ: (1) 216 ವ್ಯಾಟಿನ 80 ಶೇಕಡಾ 172.8, ಉಳಿಯುವುದು 67.8. 60 ವ್ಯಾಟಿನ ತನಕದ ನಾಲ್ಕು ಕಾರ್ಡುಗಳು. (2) 12.8 ಜಿಬಿ, 25.6 ಜಿಬಿ. (3) 2.88 ಯೂನಿಟ್, 1.2 ಯೂನಿಟ್. ನಾಲ್ಕನೆಯದಕ್ಕೆ ಉತ್ತರ ನಿಮ್ಮ ಲ್ಯಾಬಿನಲ್ಲೇ ಉಂಟು.